ಒಂದು ಪೆನ್ಸಿಲ್‌ನಷ್ಟು ಸೊಟ್ಟ

ಜನವರಿಯ ಒಂದು ಭಾನುವಾರ ಸಂಜೆ ಪೀಣ್ಯದ ಶೆಡ್ಡಿನಲ್ಲಿ, ನಾನು ಕಟ್ಟುತ್ತಿರುವ ವಿಮಾನದ ಚೌಕಟ್ಟಿಗೆ ಮುಂದಿನ ಮಧ್ಯದಿಂದ ಹಿಂದಿನ ಮಧ್ಯಕ್ಕೆ ದಾರ ಕಟ್ಟಿ ನೋಡಿದೆ. ಬಾಲದ ಕಂಬ 7 ಮಿಲಿಮೀಟರ್ ಎಡಕ್ಕೆ ಹೋಗಿತ್ತು. ದಾರವೇ ತಪ್ಪಿರಬೇಕು ಅಂತ ಬಿಚ್ಚಿ ಮತ್ತೆ ಕಟ್ಟಿದೆ. ತೂಗುಗುಂಡು ಗಾಳಿಗೆ ಅಲ್ಲಾಡುತ್ತಿದೆಯೇನೋ ಅಂತ ಶಟರ್ ಕೆಳಗೆಳೆದೆ. ಸ್ಕೇಲು ಬದಲಾಯಿಸಿ ಅಳೆದೆ. ಮತ್ತೆ 7. ಒಂದು ಪೆನ್ಸಿಲ್ ಇರುತ್ತಲ್ಲ, ಅಷ್ಟು ದಪ್ಪ. ನಾಲ್ಕೂವರೆ ಮೀಟರ್ ಉದ್ದದ ಚೌಕಟ್ಟಿನಲ್ಲಿ ಒಂದು ಪೆನ್ಸಿಲ್‌ನಷ್ಟು ಸೊಟ್ಟ. ದೂರ ನಿಂತು ನೋಡಿದೆ, ಒಂದು ಕಣ್ಣು ಮುಚ್ಚಿ ನೋಡಿದೆ, ನೆಲಕ್ಕೆ ಕೆನ್ನೆ ಹಚ್ಚಿ ಮಲಗಿಯೂ ನೋಡಿದೆ. ಕಣ್ಣಿಗೇನೂ ಗೊತ್ತಾಗಲಿಲ್ಲ. ಆದರೆ ದಾರಕ್ಕೆ ಗೊತ್ತಿತ್ತು. ಈಗ ನನಗೂ ಗೊತ್ತಾಗಿಬಿಟ್ಟಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಭಾನುವಾರಗಳಲ್ಲಿ ಒಂದು ಪುಟ್ಟ ವಿಮಾನ ಕಟ್ಟುತ್ತಿದ್ದೇನೆ ಅನ್ನುವುದು ಇಲ್ಲಿ ಓದಲು ಬರುವವರಿಗೆಲ್ಲ ಹಳೇ ಸುದ್ದಿ. ಒಂದೇ ಸೀಟು, ಮೇಲೊಂದು ಕೆಳಗೊಂದು ರೆಕ್ಕೆ, ತೆರೆದ ಕಾಕ್‌ಪಿಟ್. ನಕ್ಷೆ ತರಿಸಿಕೊಂಡು, ಟ್ಯೂಬು ಕತ್ತರಿಸಿ, ಬೆಸೆದು, ಬಟ್ಟೆ ಹೊದಿಸಿ ಮಾಡುವಂಥದ್ದು. ವಾರದ ಐದು ದಿನ ಹೊರವರ್ತುಲ ರಸ್ತೆಯ ಒಂದು ಕಟ್ಟಡದಲ್ಲಿ ಕೂತು ಬೇರೆಯವರ ಕೋಡ್ ಸರಿಮಾಡುತ್ತೇನೆ. ಭಾನುವಾರ ಬೆಳಿಗ್ಗೆ ರಾಜಾಜಿನಗರದಲ್ಲಿ ಮೆಟ್ರೋ ಹತ್ತಿ ಪೀಣ್ಯ ಇಂಡಸ್ಟ್ರಿಯಲ್ಲಿ ಇಳಿಯುತ್ತೇನೆ. (ವೆಲ್ಡಿಂಗ್ ಹೆಲ್ಮೆಟ್ಟನ್ನು ಸ್ಕ್ಯಾನರಿಗೆ ಹಾಕಿದಾಗಲೆಲ್ಲ ಸೆಕ್ಯುರಿಟಿಯವರು "ಏನ್ ಸಾರ್ ಇದು" ಅನ್ನುತ್ತಾರೆ. ಈಗೀಗ ಒಬ್ಬರು "ಎಲ್ಲಿಗೆ ಬಂತು ಸಾರ್ ವಿಮಾನ" ಅಂತ ಕೇಳುವಷ್ಟು ಪರಿಚಯ.) ಅಮ್ಮನದು ಮೂರು ವರ್ಷದಿಂದ ಒಂದೇ ಪ್ರಶ್ನೆ, "ಯಾವಾಗ ಹಾರತ್ತೋ?" ಹಾರಿಸೋಕೆ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ಒಪ್ಪಿಗೆ ಬೇಕು. ಆ ಕಾಗದಪತ್ರದ ಕತೆಗೆ ಇನ್ನೊಂದು ಬರಹವೇ ಬೇಕು. ಇವತ್ತು ಬರೆಯಬೇಕಾಗಿರುವುದು ಆ ಪೆನ್ಸಿಲ್ ಬಗ್ಗೆ ಮಾತ್ರ.

ಬಟ್ಟೆ ಬಿಚ್ಚಿದ ವಿಮಾನ

ನನಗಾಗ ಒಂಬತ್ತೋ ಹತ್ತೋ ವರ್ಷ. ಅಪ್ಪ ಸ್ಕೂಟರಿನಲ್ಲಿ ಯಲಹಂಕದ ಕಡೆ ಯಾರದೋ ಮನೆಗೆ ಹೊರಟಿದ್ದರು. ನಾನು ಮುಂದೆ ನಿಂತಿದ್ದೆ. ಜಕ್ಕೂರು ಏರೋಡ್ರೋಮ್ ಹತ್ತಿರ ಬಂದಾಗ ಒಂದು ಪುಟ್ಟ ವಿಮಾನ ನಮ್ಮ ತಲೆ ಮೇಲೆಯೇ ಇಳಿಯಿತು. ಅಪ್ಪ ಏನನ್ನಿಸಿತೋ ಸ್ಕೂಟರ್ ತಿರುಗಿಸಿದರು. ಗೇಟಿನಲ್ಲಿ ಏನು ಮಾತಾಡಿದರೋ ಗೊತ್ತಿಲ್ಲ. ಅಪ್ಪ ಫಿಟ್ಟರ್ ಆಗಿದ್ದವರು. ಎಲ್ಲಿ ಹೋದರೂ ಅವರಿಗೊಬ್ಬ ಪರಿಚಯದ ಫಿಟ್ಟರ್ ಸಿಗುತ್ತಿದ್ದ. ಹ್ಯಾಂಗರ್ ಬಾಗಿಲ ತನಕ ಬಿಟ್ಟರು.

ಒಳಗೆ ಒಂದು ಪುಷ್ಪಕ್ ನಿಂತಿತ್ತು. ನಮ್ಮ ಎಚ್‌ಎಎಲ್ ಮಾಡಿದ್ದು, 1958ರಲ್ಲಿ ಮೊದಲ ಸಲ ಹಾರಿದ ಎರಡು ಸೀಟಿನ ವಿಮಾನ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಜನ ಅದರಲ್ಲೇ ಹಾರಲು ಕಲಿತರು. ಇದೆಲ್ಲ ಆಮೇಲೆ ಓದಿ ತಿಳಿದಿದ್ದು. ಆವತ್ತು ಕಂಡಿದ್ದು ಬೇರೆ. ಆ ವಿಮಾನದ ಮೈಮೇಲೆ ಬಟ್ಟೆ ಇರಲಿಲ್ಲ. ಹಳೇ ಬಟ್ಟೆ ಬಿಚ್ಚಿ ಹೊಸದು ಹೊದಿಸುವ ಕೆಲಸ ನಡೆಯುತ್ತಿತ್ತು. ಒಳಗಿನ ಮೂಳೆಯೆಲ್ಲ ಕಾಣುತ್ತಿತ್ತು. ಕಡ್ಡಿ ಕಡ್ಡಿಯಂಥ ಕಬ್ಬಿಣದ ಟ್ಯೂಬುಗಳು, ತ್ರಿಕೋನ ತ್ರಿಕೋನವಾಗಿ ಬೆಸೆದುಕೊಂಡು ಹಿಂದೆ ಹೋಗುತ್ತ ಹೋಗುತ್ತ ಸಣ್ಣಗಾಗಿ ಬಾಲದಲ್ಲಿ ಒಂದಾಗಿದ್ದವು. ನೇಲ್ ಪಾಲಿಶ್ ಥರದ ವಾಸನೆ ಹ್ಯಾಂಗರ್ ತುಂಬ. ಬಟ್ಟೆ ಬಿಗಿಯಾಗಲು ಬಳಿಯುವ ಡೋಪ್‌ನ ವಾಸನೆ ಅದು. ನಾನು ವಿಮಾನ ಅಂದರೆ ಗಟ್ಟಿ ಲೋಹದ್ದು, ಬಸ್ಸಿನ ಹಾಗೆ ಅಂದುಕೊಂಡಿದ್ದೆ. "ಅಪ್ಪಾ, ಇದು ಸೈಕಲ್!" ಅಂದುಬಿಟ್ಟೆ. ಅಲ್ಲಿದ್ದವರೆಲ್ಲ ನಕ್ಕರು. ಅಪ್ಪ ನಗಲಿಲ್ಲ. ಬಗ್ಗಿ ಒಂದು ಜಾಯಿಂಟಿನ ಮೇಲೆ ಹೆಬ್ಬೆರಳು ಸವರಿದರು. "ಸೈಕಲ್ಲೇ ಕಣೋ. ಬೆಸುಗೆ ನೋಡು, ಮೀನಿನ ಪೊರೆ ಇದ್ದ ಹಾಗಿದೆ" ಅಂದರು.

ಸೈಕಲ್ ಅಂದಿದ್ದು ತಪ್ಪೇನಲ್ಲ ಅಂತ ಎಷ್ಟೋ ವರ್ಷ ಆದಮೇಲೆ ಗೊತ್ತಾಯಿತು. ನಾನು ಈಗ ಬೆಸೆಯುತ್ತಿರುವ 4130 ಅನ್ನುವ ಕ್ರೋಮೊಲಿ ಉಕ್ಕಿನಿಂದಲೇ ಒಳ್ಳೇ ಸೈಕಲ್ ಫ್ರೇಮುಗಳನ್ನೂ ಮಾಡುತ್ತಾರೆ. 41 ಅಂದರೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಜಾತಿ. 30 ಅಂದರೆ ನೂರಕ್ಕೆ 0.30 ಭಾಗ ಇಂಗಾಲ. ಇಷ್ಟೇ ಅದರ ಜಾತಕ. ಮಾಮೂಲಿ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಒಂದೂವರೆ ಪಟ್ಟು ಗಟ್ಟಿ, ಹಾಗಾಗಿ ತೆಳ್ಳಗಿದ್ದರೂ ನಡೆಯುತ್ತದೆ. ಎಷ್ಟು ತೆಳ್ಳಗೆ ಅಂದರೆ ನನ್ನ ಚೌಕಟ್ಟಿನ ಬಹುಪಾಲು ಟ್ಯೂಬುಗಳ ಗೋಡೆ 0.9 ಮಿಲಿಮೀಟರ್.

ಮೀನಿನ ಬಾಯಿ

ಈ ಕೆಲಸದಲ್ಲಿ ಬೆಸುಗೆ ದೊಡ್ಡದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಿಡಿ ಹಾರುತ್ತೆ, ಹೆಲ್ಮೆಟ್ ಇರುತ್ತೆ, ಫೋಟೋ ಚೆನ್ನಾಗಿ ಬರುತ್ತೆ. (ನಾನು ಮಾಡುವುದು ಟಿಗ್ ವೆಲ್ಡಿಂಗ್, ಅಂದರೆ ಆರ್ಗಾನ್ ಅನಿಲದ ಮರೆಯಲ್ಲಿ ವಿದ್ಯುತ್ತಿನಿಂದ ಬೆಸೆಯುವುದು. ಅದರಲ್ಲಿ ಕಿಡಿ ಹಾರಲ್ಲ. ಕಿಡಿ ಹಾರಿದರೆ ಏನೋ ಕೆಟ್ಟಿದೆ ಅಂತ.) ನಿಜವಾದ ಕೆಲಸ ಅದಕ್ಕೂ ಮುಂಚೆ, ಅರ ಹಿಡಿದು ಮಾಡುವುದು. ಒಂದು ದುಂಡು ಟ್ಯೂಬು ಇನ್ನೊಂದು ದುಂಡು ಟ್ಯೂಬಿಗೆ ಹೋಗಿ ಕೂರಬೇಕಾದರೆ ಅದರ ತುದಿಯನ್ನು ಬಾಗಿದ ಹಾಗೆ ಕೊರೆಯಬೇಕು. ಬಾಯಿ ತೆರೆದ ಮೀನಿನ ಹಾಗೆ ಕಾಣುತ್ತದೆ. ಎಲ್ಲ ಕಡೆಯೂ ಫಿಶ್ ಮೌತ್ ಅನ್ನುತ್ತಾರೆ, ನಮ್ಮ ಶೆಡ್ಡಿನಲ್ಲಿ ಮೀನ್ಬಾಯಿ. ನೇರವಾಗಿ ಸೇರುವುದಾದರೆ ಸುಲಭ. ಓರೆಯಾಗಿ ಸೇರುವುದಾದರೆ ಮೀನು ಸೊಟ್ಟ ಬಾಯಿ ತೆರೆಯಬೇಕು. ಒಂದೇ ಜಾಗಕ್ಕೆ ಐದು ಟ್ಯೂಬು ಐದು ದಿಕ್ಕಿನಿಂದ ಬಂದು ಸೇರುವ ಕಡೆ, ಮೊದಲ ಮೂರರ ಮೇಲೆ ನಾಲ್ಕನೆಯದು ಕೂರಬೇಕು, ನಾಲ್ಕರ ಮೇಲೆ ಐದನೆಯದು. ಅದು ಮೀನೂ ಅಲ್ಲ, ಇನ್ನೇನೋ ಪ್ರಾಣಿ.

ನನ್ನ ಕ್ರಮ ಹೀಗೆ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕಾಗದದ ಮೇಲೆ ಆ ವಕ್ರ ಗೆರೆ ಪ್ರಿಂಟ್ ತೆಗೆಯುತ್ತೇನೆ. ಕಾಗದವನ್ನು ಟ್ಯೂಬಿಗೆ ಸುತ್ತಿ ಗೆರೆ ಎಳೆಯುತ್ತೇನೆ. ಗ್ರೈಂಡರಿನಲ್ಲಿ ಗೆರೆಯ ಹತ್ತಿರದ ತನಕ. ಆಮೇಲೆ ಅರ. ಉಜ್ಜು, ಇಟ್ಟು ನೋಡು. ಉಜ್ಜು, ಇಟ್ಟು ನೋಡು. ಹಿಂದೆ ಟಾರ್ಚ್ ಹಿಡಿದರೆ ಬೆಳಕು ಎಲ್ಲೆಲ್ಲಿ ಸೋರುತ್ತೆ ಅಂತ ಕಾಣುತ್ತದೆ. ಬೆಳಕು ನಿಲ್ಲುವ ತನಕ ಉಜ್ಜಬೇಕು. ಒಂದು ಬಾಯಿಗೆ ಮುಕ್ಕಾಲು ಗಂಟೆ, ಕೆಲವಕ್ಕೆ ಎರಡು ಗಂಟೆ. ಜಾಸ್ತಿ ಉಜ್ಜಿದರೆ ಟ್ಯೂಬು ಗಿಡ್ಡವಾಯಿತು, ಅದನ್ನು ಇನ್ನೂ ಚಿಕ್ಕ ಜಾಗಕ್ಕೆ ಎತ್ತಿಡಬೇಕು. ನನ್ನಲ್ಲಿ ಹಾಗೆ ಎತ್ತಿಟ್ಟ ಟ್ಯೂಬಿನ ಒಂದು ಬಕೆಟ್ ಇದೆ. ಅದರಲ್ಲಿ ಒಂದು ಸ್ಟೂಲ್ ಮಾಡಬಹುದು. ಮಾಡಿದರೆ ಬೆಂಗಳೂರಿನ ಅತಿ ದುಬಾರಿ ಸ್ಟೂಲ್ ಅದೇ ಆಗುತ್ತದೆ.

ಎರಡು ಪಕ್ಕದ ಚೌಕಟ್ಟುಗಳನ್ನು ಮೇಜಿನ ಮೇಲೆ ಮಲಗಿಸಿ, ಒಂದರ ಮೇಲೊಂದು ಇಟ್ಟು ಮಾಡುವುದು, ಎರಡೂ ಒಂದೇ ಅಳತೆ ಇರಲಿ ಅಂತ. ಆಮೇಲೆ ಎರಡನ್ನೂ ಎತ್ತಿ ನಿಲ್ಲಿಸಿ, ನಡುವೆ ಅಡ್ಡ ಟ್ಯೂಬು ಕೊಟ್ಟು, ಹಿಂದೆ ಬಾಲದ ಕಂಬದಲ್ಲಿ ಜೋಡಿಸುವುದು. ಉದ್ದಕ್ಕೆ ಹೋಗುವ ನಾಲ್ಕು ಟ್ಯೂಬಿಗೆ ಲಾಂಜರಾನ್ ಅಂತ ಹೆಸರು. ಮಿಕ್ಕಿದ್ದೆಲ್ಲ ಅವನ್ನು ಹಿಡಿದುಕೊಳ್ಳುವ ಕಂಬ, ಓರೆಗಳು. ಓರೆ ಯಾಕೆ ಅಂತ ಗೇಟ್ ನೋಡಿದವರಿಗೆಲ್ಲ ಗೊತ್ತು. ನಾಲ್ಕು ಮೂಲೆಯ ಚೌಕ ತಳ್ಳಿದರೆ ವಾಲುತ್ತದೆ, ಅದಕ್ಕೊಂದು ಓರೆ ಪಟ್ಟಿ ಹಾಕಿದರೆ ವಾಲಲ್ಲ. ವಿಮಾನದ ಒಡಲು ಅಂದರೆ ಅಷ್ಟೇ, ವಾಲದ ಹಾಗೆ ಮಾಡಿದ ಉದ್ದನೆಯ ಗೇಟು.

ಮಗಳನ್ನು ಒಮ್ಮೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ ಇದೆ. ಅದೂ ಎರಡು ರೆಕ್ಕೆಯದೇ. "ಅಪ್ಪಾ, ನಿನ್ನ ಥರ ಕಬ್ಬಿಣ ಇಲ್ವಲ್ಲ ಇದರಲ್ಲಿ" ಅಂದಳು. ನಿಜ. ಅದು ಮರ, ಬಟ್ಟೆ, ತಂತಿ. ಮೊದಲ ಮಹಾಯುದ್ಧದಲ್ಲಿ ಮಿಕ್ಕವರಲ್ಲಿ ಬಹುಪಾಲು ಜನ ಮರದ ಚೌಕಟ್ಟಿಗೆ ತಂತಿ ಬಿಗಿಯುತ್ತಿದ್ದಾಗ ಫೋಕರ್ ಎಂಬ ಡಚ್ಚರವನು ಜರ್ಮನಿಯ ತನ್ನ ಕಾರ್ಖಾನೆಯಲ್ಲಿ ಉಕ್ಕಿನ ಟ್ಯೂಬು ಬೆಸೆದು ವಿಮಾನ ಮಾಡುತ್ತಿದ್ದ. ಅವನ ಹಿಂದೆ ಇದ್ದದ್ದು ರೈನ್‌ಹೋಲ್ಡ್ ಪ್ಲಾಟ್ಸ್, ವೃತ್ತಿಯಿಂದ ವೆಲ್ಡರ್. ವೆಲ್ಡರ್ ಒಬ್ಬ ವಿಮಾನದ ಆಕಾರವನ್ನೇ ಬದಲಾಯಿಸಿದ ಅನ್ನುವುದು ನನಗೆ ತುಂಬ ಇಷ್ಟದ ವಿಷಯ. ಇನ್ನೊಂದು ಇಷ್ಟದ್ದು ಅಮೆರಿಕದ ಡೆನ್ವರ್ ಊರಿನ ಹೈಸ್ಕೂಲ್ ಮೇಷ್ಟ್ರು ಲಮಾರ್ ಸ್ಟೀನ್ ಕತೆ. ಶಾಲೆಯ ವರ್ಕ್‌ಶಾಪಿನಲ್ಲಿ ಮಕ್ಕಳ ಕೈಲಿ ಸ್ಕೈಬೋಲ್ಟ್ ಎಂಬ ಎರಡು ರೆಕ್ಕೆಯ ವಿಮಾನ ಕಟ್ಟಿಸಿದರು, 1970ರಲ್ಲಿ ಅದು ಹಾರಿತು. ಅದೂ ಟ್ಯೂಬು ಬೆಸೆದ ಒಡಲೇ. ಹೈಸ್ಕೂಲ್ ಮಕ್ಕಳು ಮಾಡಿದ್ದಾರಲ್ಲ, ನನ್ನ ಕೈಲಾಗಲ್ವಾ ಅನ್ನುವ ಧೈರ್ಯದ ಮೇಲೆಯೇ ನಾನು ಶುರು ಮಾಡಿದ್ದು. ಮಕ್ಕಳ ಪಕ್ಕ ಮೇಷ್ಟ್ರು ನಿಂತಿರುತ್ತಿದ್ದರು ಅನ್ನುವುದನ್ನು ಮರೆತಿದ್ದೆ.

ಅಡ್ಜಸ್ಟ್

ಶೆಡ್ಡು ನನ್ನ ಕಾಲೇಜು ಗೆಳೆಯನದು. ಗ್ರಿಲ್, ಗೇಟು, ರೇಲಿಂಗ್ ಮಾಡುತ್ತಾನೆ. ಹಿಂದಿನ ಅರ್ಧ ನನಗೆ ಬಿಟ್ಟುಕೊಟ್ಟಿದ್ದಾನೆ. ಬಾಡಿಗೆ ಕೇಳಲ್ಲ, ಬದಲಿಗೆ ಅವನ ಲೆಕ್ಕಪತ್ರದ ಸಾಫ್ಟ್‌ವೇರ್ ಕೆಟ್ಟಾಗ ನಾನು ನೋಡಬೇಕು. 7 ಮಿಲಿಮೀಟರ್ ಕಂಡ ಮರುದಿನ ಅವನಿಗೆ ಫೋನ್ ಮಾಡಿದೆ. ಮುಂದಿನ ಭಾನುವಾರ ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಎಲ್ಲಿ?" ಅಂದ. ದಾರ ತೋರಿಸಿದೆ. "ಇದಾ? ಅಡ್ಜಸ್ಟ್ ಆಗುತ್ತೆ ಬಿಡು ಗುರೂ. ಮೇಲೆ ಬಟ್ಟೆ ಬರುತ್ತಲ್ಲ" ಅಂದ.

ನಮ್ಮೂರಿನಲ್ಲಿ ಈ ಪದ ಕೇಳದೆ ಒಂದು ದಿನ ಕಳೆಯಲ್ಲ. ಬಸ್ಸಿನಲ್ಲಿ ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಿಗೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಮೂವತ್ತು ನಲವತ್ತರ ಸೈಟಿನಲ್ಲಿ ಮೂರು ಮಹಡಿ ಎದ್ದು ಪಕ್ಕದವರ ಕಿಟಕಿಗೆ ಗೋಡೆ ಬಂದರೂ ಅಡ್ಜಸ್ಟ್ ಮಾಡ್ಕೊಳ್ಳಿ. ನಾನೂ ಮಾಡಿಕೊಂಡೇ ಬೆಳೆದವನು. ಆದರೆ ಆವತ್ತು ಆ ಮಾತು ಕೇಳಿ ಕೋಪ ಬಂತು. ವಿಮಾನ ಕಣೋ ಇದು, ಗೇಟಲ್ಲ ಅಂದೆ. ಅವನಿಗೂ ಬೇಜಾರಾಯಿತು. ಗೇಟ್ ಅಂದ್ರೆ ಏನಂದ್ಕೊಂಡಿದೀಯ ಅಂದ.

ಅಂದಿದ್ದಷ್ಟೇ ಅಲ್ಲ, ಮರುವಾರ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಾಗಲಗುಂಟೆಯ ಒಂದು ಹೊಸ ಮನೆಗೆ ಅಳತೆ ತೆಗೆಯೋಕೆ ಕರೆದುಕೊಂಡು ಹೋದ. ಗೇಟಿನ ಕಂಬಗಳ ನಡುವೆ ಟೇಪು ಹಿಡಿದ. ಕೆಳಗೆ ಒಂದು ಅಳತೆ, ನಡುವೆ ಒಂದು, ಮೇಲೆ ಒಂದು. ಮೂರೂ ಬೇರೆ ಬೇರೆ. ಕೆಳಗಿಗಿಂತ ಮೇಲೆ 14 ಮಿಲಿಮೀಟರ್ ಕಮ್ಮಿ. ಗಾರೆ ಕೆಲಸದವರು ಕಂಬ ಒಳಕ್ಕೆ ವಾಲಿಸಿಬಿಟ್ಟಿದ್ದರು. "ಈಗ ನಾನು ನಿನ್ನ ಥರ ನೆಟ್ಟಗೆ ಗೇಟ್ ಮಾಡ್ಕೊಂಡು ಬಂದ್ರೆ ಏನಾಗುತ್ತೆ? ಮೇಲೆ ತಾಗುತ್ತೆ, ಕೆಳಗೆ ಸಂದಿ. ಗೋಡೆ ಸೊಟ್ಟ ಇದೆ, ಗೇಟೂ ಅಷ್ಟೇ ಸೊಟ್ಟ ಇರಬೇಕು. ಕಣ್ಣಿಗೆ ಮಾತ್ರ ನೆಟ್ಟಗೆ ಕಾಣಬೇಕು. ಅದಕ್ಕೇ ಅಡ್ಜಸ್ಟ್ ಅನ್ನೋದು." ಚೀಟಿಯಲ್ಲಿ ಮೂರು ಅಳತೆ ಬರೆದುಕೊಂಡ. ಯಾವ ಪಟ್ಟಿ ಎಷ್ಟು ಕತ್ತರಿಸಬೇಕು ಅಂತ ಅಲ್ಲೇ ಬಾಯಿಲೆಕ್ಕ ಹಾಕಿ ಹುಡುಗನಿಗೆ ಫೋನಿನಲ್ಲಿ ಹೇಳಿದ. ಒಂದು ನಿಮಿಷವೂ ಹಿಡಿಯಲಿಲ್ಲ.

ವಾಪಸ್ ಬರುವಾಗ ಗಾಡಿ ಹಿಂದೆ ಕೂತು ಯೋಚನೆ ಮಾಡಿದೆ. ಅವನ ಮಾತಿನಲ್ಲಿ ಸತ್ಯ ಇತ್ತು. ಅವನು ಅನ್ನುವ ಅಡ್ಜಸ್ಟ್ ಸೋಮಾರಿತನವಲ್ಲ, ಅಳತೆ ತೆಗೆದು ಮಾಡುವ ಕೆಲಸ. ಆದರೆ ಅವನಿಗೆ ಹೊಂದಿಸಿಕೊಳ್ಳೋಕೆ ಒಂದು ಗೋಡೆ ಇದೆ. ಸೊಟ್ಟವೋ ನೆಟ್ಟಗೋ, ಮೊದಲೇ ಬಂದು ನಿಂತಿರುವ ಗೋಡೆ. ನನಗೆ ಗೋಡೆ ಯಾವುದು? ರೆಕ್ಕೆ ಇನ್ನೂ ಆಗಿಲ್ಲ. ಎಂಜಿನ್ ಬಂದಿಲ್ಲ. ಇಡೀ ವಿಮಾನಕ್ಕೆ ಈಗ ಇರುವುದು ಮುಂದಿನ ಮಧ್ಯದಿಂದ ಹಿಂದಿನ ಮಧ್ಯಕ್ಕೆ ಎಳೆದ ಒಂದು ದಾರ. ಎರಡು ರೆಕ್ಕೆ, ಅವುಗಳ ನಡುವಿನ ಕಂಬ, ಬಿಗಿಯುವ ತಂತಿ, ಬಾಲದ ರೆಕ್ಕೆ, ರಡರ್, ಎಲ್ಲವೂ ಮುಂದೆ ಆ ದಾರಕ್ಕೆ ಹೊಂದಿಸಿಕೊಳ್ಳಬೇಕು. ಗೋಡೆ ಕಟ್ಟುತ್ತಿರುವವನೇ ನಾನು. ಬಾಗಲಗುಂಟೆಯ ಆ ಗಾರೆಯವರ ಜಾಗದಲ್ಲಿ ನಾನಿದ್ದೇನೆ, ಗೆಳೆಯನ ಜಾಗದಲ್ಲಲ್ಲ.

ಇದನ್ನು ಅವನಿಗೆ ಹೇಳಿದೆ. "ಹಂಗಾದ್ರೆ ಮೇಸ್ತ್ರಿನ ಕರೆಸ್ತೀನಿ ಇರು" ಅಂದ.

ಬೂದಿ ಊದಿದ ಕೆಂಡ

ಮೇಸ್ತ್ರಿ ಅಂದರೆ ದಾಸರಹಳ್ಳಿಯಲ್ಲಿರುವ ಒಬ್ಬ ಹಿರಿಯರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಗ್ಯಾಸ್ ವೆಲ್ಡಿಂಗ್ ಮಾಡಿ ನಿವೃತ್ತರಾದವರು. ಟಿವಿಎಸ್ ಎಕ್ಸ್‌ಎಲ್ ಮೇಲೆ ಬಂದರು. ಮುಂದೆ ಕಾಲಿಡುವ ಜಾಗದಲ್ಲಿ ಅವರದೇ ಟಾರ್ಚು, ಗೋಣಿಚೀಲದಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಬಂದವರು ವಿಮಾನ ನೋಡಲಿಲ್ಲ. ಮೊದಲು ದಾರ ನೋಡಿದರು. ಬೆರಳಿನಿಂದ ಒಮ್ಮೆ ಮೀಟಿದರು. ಆಮೇಲೆ ಸುತ್ತ ಒಂದು ಸುತ್ತು ಬಂದು, ಎಡಗಡೆಯ ಜಾಯಿಂಟುಗಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಯಾವ ಕಡೆ ಮೊದ್ಲು ಹಾಕಿದ್ರಿ ಸಾರ್?"

"ಎಡಗಡೆ."

"ಎಷ್ಟು ಜಾಯಿಂಟು?"

"ಹನ್ನೊಂದು."

"ಒಂದೇ ದಿನ?"

"ಹೂಂ."

"ಯಾಕೆ?"

ಉತ್ತರ ಇರಲಿಲ್ಲ. ನಿಯಮ ನನಗೆ ಗೊತ್ತಿಲ್ಲದೇ ಏನಿಲ್ಲ. ಬೆಸುಗೆ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಪಕ್ಕದ ಟ್ಯೂಬನ್ನೂ ಎಳೆದುಕೊಳ್ಳುತ್ತದೆ. ಅದಕ್ಕೇ ಮೊದಲು ಎಲ್ಲ ಕಡೆ ಚುಕ್ಕೆ ಚುಕ್ಕೆ ಟ್ಯಾಕ್ ಹಾಕಿ ಹಿಡಿಸಬೇಕು. ಆಮೇಲೆ ಎಡಕ್ಕೊಂದು ಬೆಸೆದರೆ ಬಲಕ್ಕೊಂದು, ಮುಂದೊಂದು ಬೆಸೆದರೆ ಹಿಂದೊಂದು. ಯಾವ ಪುಸ್ತಕ ತೆಗೆದರೂ ಇದು ಮೊದಲ ಪುಟದಲ್ಲೇ ಇರುತ್ತದೆ. ಟ್ಯಾಕ್ ಹಾಕಿದ್ದೆ. ಮಿಕ್ಕಿದ್ದು ಮಾಡಲಿಲ್ಲ. ಎಡಗಡೆಯ ಉದ್ದ ಟ್ಯೂಬುಗಳು ಹನ್ನೊಂದು ಕಡೆ ಕೂದಲೆಳೆ ಕೂದಲೆಳೆಯಷ್ಟು ಕುಗ್ಗಿ, ಎಲ್ಲ ಸೇರಿ ಒಂದು ಮಿಲಿಮೀಟರ್ ಆಸುಪಾಸು ಗಿಡ್ಡವಾಗಿದ್ದರೂ ಸಾಕು. ಚೌಕಟ್ಟಿನ ಅಗಲ ಅರ್ಧ ಮೀಟರ್, ಉದ್ದ ನಾಲ್ಕೂವರೆ. ಮುಂದಿನ ಒಂದು ಮಿಲಿಮೀಟರ್ ಬಾಲಕ್ಕೆ ಹೋಗುವ ಹೊತ್ತಿಗೆ ಪೆನ್ಸಿಲ್ ಆಗಿರುತ್ತದೆ.

ಮೇಸ್ತ್ರಿ ಸೀಮೆಸುಣ್ಣ ಕೇಳಿದರು. ಬಲಗಡೆ ಮೂರು ಜಾಗಕ್ಕೆ ಗುರುತು ಹಾಕಿದರು. ಪ್ರತಿ ಜಾಗದಲ್ಲೂ ಮೇಲಿನ ಟ್ಯೂಬಿಗೊಂದು, ಕೆಳಗಿನದಕ್ಕೊಂದು. ಮೇಲೊಂದೇ ಕಾಯಿಸಿದರೆ ಒಡಲು ತಿರುಚಿಕೊಳ್ಳುತ್ತೆ ಅಂದರು. ಮುಂಭಾಗವನ್ನು ಕುದುರೆ ಅಂತ ಕರೆಯುವ ಸ್ಟ್ಯಾಂಡಿಗೆ ಕ್ಲ್ಯಾಂಪ್ ಹಾಕಿ ಬಿಗಿಸಿದರು, ಬಾಲ ಮಾತ್ರ ತನ್ನ ಪಾಡಿಗೆ ಓಡಾಡುವ ಹಾಗೆ. ಫ್ಯಾನ್ ಆಫ್ ಮಾಡಿಸಿದರು, ಶಟರ್ ಮುಕ್ಕಾಲು ಇಳಿಸಿದರು. ನಾನು ಟಿಗ್ ಮಾಡುವಾಗಲೂ ಫ್ಯಾನ್ ಆಫ್ ಮಾಡುತ್ತೇನೆ, ಇಲ್ಲದಿದ್ದರೆ ಆರ್ಗಾನ್ ಹಾರಿಹೋಗಿ ಬೆಸುಗೆ ಜೇನುಗೂಡಿನ ಹಾಗೆ ತೂತು ಬೀಳುತ್ತದೆ. ಅವರ ಕಾರಣ ಬೇರೆ. ಈ ಜಾತಿಯ ಉಕ್ಕಿಗೆ ಕೆಂಪಗಾದಾಗ ತಣ್ಣನೆ ಗಾಳಿ ಬಡಿಯಬಾರದು, ಬಡಿದರೆ ಗಡುಸಾಗಿ ಬಿರುಕು ಬಿಡುತ್ತೆ. ತಾನಾಗೇ ಆರಬೇಕು. ಏಪ್ರಿಲ್ ಅಲ್ಲದಿದ್ದರೂ ತಗಡಿನ ಛಾವಣಿ, ಗಾಳಿಯಿಲ್ಲ. ನಾವು ಮೂರೂ ಜನ ಬೆವರುತ್ತ ನಿಂತಿದ್ದೆವು.

ಟಾರ್ಚು ಹೊತ್ತಿಸಿ ಉರಿಯನ್ನು ಸರಿಮಾಡಿಕೊಂಡರು. ಮೊದಲ ಗುರುತಿನ ಮೇಲೆ ಸಣ್ಣ ಸುತ್ತು ಸುತ್ತಿಸುತ್ತ ಕಾಯಿಸಿದರು. ಬೂದು ಹೋಗಿ ಕಂದು, ಕಂದು ಹೋಗಿ ನೀಲಿ, ಆಮೇಲೆ ಮಂಕಾದ ಕೆಂಪು. "ಕೆಂಡದ ಮೇಲಿನ ಬೂದಿ ಊದಿದ್ರೆ ಒಂದು ಬಣ್ಣ ಕಾಣುತ್ತಲ್ಲ ಸಾರ್, ಅದು. ಅದಕ್ಕಿಂತ ಜಾಸ್ತಿ ಬೇಡ" ಅಂದರು. ಹೆಬ್ಬೆರಳಿನ ಉಗುರಿನಷ್ಟು ಜಾಗ. ಅಷ್ಟೇ. ಕೆಳಗಿನದಕ್ಕೂ ಹಾಗೇ ಮಾಡಿ ಟಾರ್ಚು ಆರಿಸಿದರು.

ನಾನು ಬಾಲದ ಹತ್ತಿರ ಸ್ಕೇಲು ಹಿಡಿದು ಕೂತಿದ್ದೆ. ನೋಡುತ್ತಿದ್ದ ಹಾಗೆ ತೂಗುಗುಂಡು ಸರಿಯಿತು. ತಪ್ಪು ದಿಕ್ಕಿಗೆ. 7 ಇದ್ದದ್ದು 8 ಆಯಿತು, 9 ಆಯಿತು. "ಮೇಸ್ತ್ರಿ, ಜಾಸ್ತಿ ಆಗ್ತಿದೆ!" ಅಂತ ಕೂಗಿಯೇಬಿಟ್ಟೆ. ಅವರು ತಲೆ ಎತ್ತಲಿಲ್ಲ. "ಆಗ್ಲಿ ಬಿಡಿ. ಕಾಫಿ ತರ್ಸಿ" ಅಂದರು.

ಶೆಡ್ಡಿನ ಹುಡುಗ ಫ್ಲಾಸ್ಕಿನಲ್ಲಿ ಕಾಫಿ ತಂದ. ಎರಡು ಕಾಫಿಯನ್ನು ನಾಲ್ಕು ಲೋಟಕ್ಕೆ ಬೈಟು ಮಾಡಿದೆವು. ಕುಡಿಯುತ್ತ ಮೇಸ್ತ್ರಿ ಹೇಳಿದರು, ಕಾದ ಜಾಗ ಉದ್ದಕ್ಕೆ ಬೆಳೆಯಬೇಕು ಅನ್ನುತ್ತೆ, ಅದಕ್ಕೇ ಬಾಲ ಮೊದಲು ಆ ಕಡೆ ಹೋಗಿದ್ದು. ಆದರೆ ಸುತ್ತಲಿನ ತಣ್ಣಗಿನ ಕಬ್ಬಿಣ ಪೂರ್ತಿ ಬೆಳೆಯೋಕೆ ಬಿಡಲ್ಲ. ಬೆಳೆಯಲಾಗದೆ ಅದು ಅಲ್ಲೇ ದಪ್ಪ ಆಗುತ್ತೆ. ಆಮೇಲೆ ಆರುವಾಗ, ದಪ್ಪ ಆಗಿದ್ದು ದಪ್ಪವೇ ಇರುತ್ತೆ, ಉದ್ದ ಮೊದಲಿಗಿಂತ ಕಮ್ಮಿ ಆಗುತ್ತೆ. ಕೈ ಮುಷ್ಟಿ ಬಿಗಿದು ಬಿಚ್ಚಿ ತೋರಿಸಿದರು. ನಾನು ಎಂಜಿನಿಯರಿಂಗ್ ಓದಿದವನು. ಇದೇ ವಿಷಯಕ್ಕೆ ನನಗೆ ಎಂಟು ಅಂಕದ ಪ್ರಶ್ನೆ ಬಂದಿತ್ತು, ಬರೆದೂ ಇದ್ದೆ. ನಡೆಯುವುದನ್ನು ಕಣ್ಣಾರೆ ನೋಡಿದ್ದು ಆವತ್ತೇ.

ಕಾಫಿ ಮುಗಿಯುವ ಹೊತ್ತಿಗೆ ಗುಂಡು ವಾಪಸ್ ಬರತೊಡಗಿತ್ತು. 9, 8, 7. ಏಳರಲ್ಲಿ ನಿಲ್ಲುತ್ತೇನೋ ಅಂತ ಉಸಿರು ಹಿಡಿದೆ. ನಿಲ್ಲಲಿಲ್ಲ. ಆರೂವರೆ. ಆರು. ಪೂರ್ತಿ ಆರಿ, ಟ್ಯೂಬಿನ ಮೇಲೆ ಕೈಯಿಡುವ ಹಾಗಾದಾಗ ಐದೂವರೆ. ಎರಡನೇ ಗುರುತು ಕಾಯಿಸಿದರು. ಮತ್ತೆ ಅದೇ ಆಟ, ಆ ಕಡೆ ಹೋಗಿ ಈ ಕಡೆ ಬಂದು ಮೂರೂವರೆ. ಮೂರನೆಯದಕ್ಕೆ ಉರಿ ಕಮ್ಮಿ ಹೊತ್ತು ಹಿಡಿದರು. 2ರಲ್ಲಿ ನಿಂತಿತು. ಆಗಲೇ ಸಂಜೆ ಐದು ಗಂಟೆ.

"ಸಾಕು" ಅಂದರು.

"ಇನ್ನೊಂದು ಸಲ ಕಾಯಿಸಿದ್ರೆ ಸೊನ್ನೆ ಆಗುತ್ತಲ್ವಾ ಮೇಸ್ತ್ರಿ?"

"ಆಗಬೋದು. ಆ ಕಡೆ ಮೂರೂ ಆಗಬೋದು. ಆಮೇಲೆ ಈ ಕಡೆ ಕಾಯಿಸ್ತೀರಾ? ಇದೇನು ದಪ್ಪ ಇದೆ ಸಾರ್, ಒಂದು ಮಿಲಿಮೀಟರೂ ಇಲ್ಲ. ಎಷ್ಟು ಸಲ ಅಂತ ಬೆಂಕಿ ತಿನ್ನುತ್ತೆ?" ಟಾರ್ಚನ್ನು ಗೋಣಿಚೀಲಕ್ಕೆ ಸುತ್ತಿದರು. ಹಣ ಕೊಟ್ಟರೆ ಅರ್ಧ ವಾಪಸ್ ಕೊಟ್ಟರು. ಹೊರಡುವಾಗ ಮಾತ್ರ, ಆವತ್ತು ಮೊದಲ ಸಲ, ಇಡೀ ಚೌಕಟ್ಟನ್ನು ಬಾಲದಿಂದ ಮೂಗಿನ ತನಕ ನೋಡಿದರು. "ಇದ್ರಲ್ಲಿ ನೀವೇ ಕೂರ್ತೀರಾ?" ಹೌದು ಅಂದೆ. ಏನೂ ಹೇಳಲಿಲ್ಲ. ಕಿಕ್ ಹೊಡೆದು ಹೋದರು.

ಉಳಿದ ಎರಡು

ಗೆಳೆಯ ಬಿಡುತ್ತಾನಾ? "ನೋಡಿದ್ಯಾ, ಕೊನೆಗೆ ಎರಡಕ್ಕೆ ಅಡ್ಜಸ್ಟ್ ಮಾಡ್ಕೊಂಡೆ" ಅಂದ. ಹೌದು, ಮಾಡಿಕೊಂಡೆ. ಅದರ ಬಗ್ಗೆ ಎರಡು ತಿಂಗಳಿಂದ ಅವನ ಜೊತೆ ಜಗಳ ನಡೆದೇ ಇದೆ. ಎರಡು ರೆಕ್ಕೆಯ ವಿಮಾನದಲ್ಲಿ ಹೊಂದಿಸಿಕೊಳ್ಳೋಕೆ ಅಂತಲೇ ಜಾಗ ಬಿಟ್ಟಿರುತ್ತಾರೆ. ಒಳಗಿನ ಬಿಗಿತಂತಿಗಳ ನಡುವೆ ಟರ್ನ್‌ಬಕಲ್ ಇರುತ್ತೆ, ತಿರುಗಿಸಿದರೆ ತಂತಿ ಬಿಗಿಯಾಗುತ್ತೆ ಇಲ್ಲ ಸಡಿಲ ಆಗುತ್ತೆ. ರೆಕ್ಕೆಯ ತುದಿಯಿಂದ ಬಾಲದ ಕಂಬಕ್ಕೆ ಎಡ ಬಲ ಟೇಪು ಹಿಡಿದು ಎರಡೂ ಸಮ ಬರುವ ತನಕ ತಿರುಗಿಸುತ್ತ ಹೋಗಬೇಕು. ಅಷ್ಟೇ ಅಲ್ಲ. ಮೂಗಿನಲ್ಲಿ ತಿರುಗುವ ಫ್ಯಾನಿನ ಗಾಳಿ ಒಡಲನ್ನು ಸುತ್ತಿಕೊಂಡು ಬಂದು ಬಾಲಕ್ಕೆ ಒಂದು ಪಕ್ಕದಿಂದ ಹೊಡೆಯುತ್ತೆ ಅಂತ, ಎಷ್ಟೋ ವಿಮಾನಗಳಲ್ಲಿ ನಿಂತ ಬಾಲರೆಕ್ಕೆಯನ್ನು ಬೇಕಂತಲೇ ಸ್ವಲ್ಪ ಓರೆ ಕೂರಿಸುತ್ತಾರೆ. ಇದನ್ನು ಹೇಳಿದ್ದೇ ತಪ್ಪಾಯಿತು. "ಮತ್ತೆ? ಅವರೂ ಸೊಟ್ಟ ಮಾಡ್ತಾರೆ ಅಂತಾಯ್ತಲ್ಲ!" ಅಂತ ಕುಣಿದ. ಎಷ್ಟು ಓರೆ ಅಂತ ನಕ್ಷೆಯಲ್ಲಿ ಬರೆದಿರುತ್ತಾರೆ ಕಣೋ, ನಂದು ಬರೆದಿರಲಿಲ್ಲ ಅಂದೆ. "ಈಗ ಬರ್ಕೋ" ಅಂದ.

ಬರೆದುಕೊಂಡೆ. ನಕ್ಷೆಯ ಅಂಚಿನಲ್ಲಿ ತಾರೀಖು ಹಾಕಿ, 2 ಮಿ.ಮೀ. ಎಡಕ್ಕೆ ಅಂತ. ಪ್ರತಿ ಭಾನುವಾರ ಮೊದಲ ಕೆಲಸ ದಾರ ಕಟ್ಟಿ ನೋಡುವುದು. ಇನ್ನೂ ಎರಡೇ ಇದೆ.

ಮೇಸ್ತ್ರಿ ಕೇಳಿದ "ಯಾಕೆ" ಮಾತ್ರ ಹೋಗಲೇ ಇಲ್ಲ. ನಿಯಮ ಗೊತ್ತಿದ್ದವನು ಯಾಕೆ ಎಡಗಡೆ ಒಂದನ್ನೇ ಹಿಡಿದು ಕೂತೆ? ಆತುರವಿತ್ತಾ? ಆವತ್ತು ಅಂಥ ಆತುರವೂ ಇರಲಿಲ್ಲ. ಹೋದ ವಾರ ಬಲಗಡೆ ಒಂದು ಜಾಯಿಂಟಿಗೆ ಕೂತಾಗ ಗೊತ್ತಾಯಿತು. ಶಟರ್ ಇರುವುದು ಶೆಡ್ಡಿನ ಎಡಕ್ಕೆ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಬೆಳಕೆಲ್ಲ ಆ ಕಡೆಯಿಂದ. ಬಲಗಡೆ ಕೂತರೆ ಇಡೀ ಚೌಕಟ್ಟಿನ ನೆರಳು ಜಾಯಿಂಟಿನ ಮೇಲೆ ಬೀಳುತ್ತೆ. ಹೆಲ್ಮೆಟ್ ಎತ್ತಿದರೂ ಸರಿಯಾಗಿ ಕಾಣಲ್ಲ. ಆವತ್ತು ಎಡಗಡೆ ಒಂದು ಮುಗಿಸಿ, ಇನ್ನೊಂದೂ ಇಲ್ಲೇ ಕಾಣ್ತಿದೆಯಲ್ಲ ಅಂತ ಸುಮ್ನೆ ಮುಂದುವರಿಸಿದ್ದೆ. ಹನ್ನೊಂದು ಸಲ.

ಶನಿವಾರ ಎಸ್‌ಜೆಪಿ ರಸ್ತೆಗೆ ಹೋಗಿ ನಾಲ್ಕು ಅಡಿಯ ಎರಡು ಎಲ್‌ಇಡಿ ಪಟ್ಟಿ, ಹತ್ತು ಮೀಟರ್ ವೈರು ತಂದೆ. ನಿನ್ನೆ ಗೆಳೆಯ ಏಣಿ ಹಿಡಿದುಕೊಂಡ. ಬಲಗಡೆಯ ತೊಲೆಗೆ ಎರಡನ್ನೂ ಕಟ್ಟಿದೆ. ಸ್ವಿಚ್ ಹಾಕಿದ ಮೇಲೆ ಅವನು ಕೆಳಗಿನಿಂದ ನೋಡಿ, ಒಂದು ಸೊಟ್ಟ ಇದೆ, ಆ ತುದಿ ಸ್ವಲ್ಪ ಎತ್ತು ಅಂದ. ಎತ್ತಿ ಕಟ್ಟಿದೆ.